ಸೌಂಡ್ ಬರ್ತಿಲ್ಲ ಅಂತ ಡ್ರೈವರ್ ಅಳಿಸಬೇಡಿ

ಕಂಪ್ಯೂಟರಿನಲ್ಲಿ ಸೌಂಡ್ ಬರ್ತಿಲ್ಲ ಎಂದು ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ಏನಾದರೂ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿರುತ್ತಾರೆ. ಡ್ರೈವರ್, ಅಂದರೆ ಸೌಂಡ್ ಸಾಧನವನ್ನು ನಡೆಸುವ ಸಣ್ಣ ಪ್ರೋಗ್ರಾಮು, ಅದನ್ನು ಅಳಿಸಿರುತ್ತಾರೆ. ಎಲ್ಲಿಂದಲೋ ಬೇರೆ ಡ್ರೈವರ್ ಇಳಿಸಿಕೊಂಡು ಹಾಕಿರುತ್ತಾರೆ. ಹೊಸ ಸ್ಪೀಕರ್ ತಂದಿರುತ್ತಾರೆ. ಕೆಲವರಂತೂ ಇಡೀ ವಿಂಡೋಸ್ ಅಳಿಸಿ ಮತ್ತೆ ಹಾಕಿರುತ್ತಾರೆ. ಇಷ್ಟಾದರೂ ಸೌಂಡ್ ಇಲ್ಲ. "ಸೌಂಡ್ ಯಾವ ಕಡೆ ಹೋಗ್ತಿದೆ ಅಂತ ನೋಡಿದ್ರಾ?" ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಅದೊಂದನ್ನು ಯಾರೂ ನೋಡಿರುವುದಿಲ್ಲ.

ವಾಲ್ಯೂಮ್ ಏರಿಸಿದ್ದೀರಿ, ಸ್ಪೀಕರಿಗೆ ಕರೆಂಟ್ ಇದೆ, ಪಿನ್ ಹಸಿರು ತೂತಿನಲ್ಲೇ ಇದೆ ಎಂದುಕೊಂಡು ಮುಂದಿನದನ್ನು ಹೇಳುತ್ತೇನೆ.

ಕಂಪ್ಯೂಟರಿನಿಂದ ಸೌಂಡ್ ಹೊರಗೆ ಬರಲು ಹಲವು ದಾರಿಗಳಿವೆ. ಹಿಂದಿನ ಹಸಿರು ತೂತು ಒಂದು. ಮುಂದಿನ ಹೆಡ್‌ಫೋನ್ ತೂತು ಇನ್ನೊಂದು. ಬ್ಲೂಟೂತ್ ಮತ್ತೊಂದು. ಯುಎಸ್‌ಬಿ ಹೆಡ್‌ಸೆಟ್ ಇದ್ದರೆ ಅದೂ ಒಂದು. ಜನ ಮರೆಯುವುದು ಮಾನಿಟರನ್ನು. ಹಳೆಯ ವಿಜಿಎ ಕೇಬಲ್ ಚಿತ್ರವನ್ನು ಮಾತ್ರ ಒಯ್ಯುತ್ತಿತ್ತು. ಈಗಿನ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳು ಚಿತ್ರದ ಜೊತೆಗೆ ಸೌಂಡನ್ನೂ ಒಯ್ಯುತ್ತವೆ. ಹಾಗಾಗಿ ಅಂಥ ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್‌ಗೆ ನಿಮ್ಮ ಮಾನಿಟರ್ ಕೂಡ ಒಂದು ಸ್ಪೀಕರ್ ಆಗಿ ಕಾಣಬಹುದು. ಎಷ್ಟೋ ಸಲ ಅದು ತಾನಾಗಿಯೇ ಸೌಂಡನ್ನು ಆ ಕಡೆ ತಿರುಗಿಸಿಬಿಡುತ್ತದೆ. ಆದರೆ ಬಹಳಷ್ಟು ಮಾನಿಟರುಗಳಲ್ಲಿ ಸ್ಪೀಕರೇ ಇರುವುದಿಲ್ಲ! ಸೌಂಡ್ ಅಲ್ಲಿಗೆ ಹೋಗುತ್ತದೆ, ಯಾರಿಗೂ ಕೇಳಿಸುವುದಿಲ್ಲ.

ಇಲ್ಲಿ ಏನೂ ಕೆಟ್ಟಿಲ್ಲ. ಅದಕ್ಕೇ ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ವೀಡಿಯೋ ಓಡುತ್ತದೆ, ವಾಲ್ಯೂಮ್ ಪಟ್ಟಿ ಮೇಲೆ ಕೆಳಗೆ ಆಡುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ನೀರು ಪಕ್ಕದ ನಲ್ಲಿಗೆ ಹೋಗುತ್ತಿದ್ದರೆ ಮೋಟಾರ್ ಬಿಚ್ಚಿ ಪ್ರಯೋಜನ ಇಲ್ಲ ಅಲ್ವಾ? ಡ್ರೈವರ್ ಅಳಿಸುವುದೂ ಹಾಗೆಯೇ.

"ನಿನ್ನೆವರೆಗೂ ಬರ್ತಿತ್ತು ಸಾರ್, ನಾನು ಏನೂ ಮುಟ್ಟಿಲ್ಲ" ಎನ್ನುವವರನ್ನು ನಾನು ನಂಬುತ್ತೇನೆ. ಅವರು ಮುಟ್ಟಬೇಕಾಗಿಯೇ ಇಲ್ಲ. ಪರದೆಯ ಚಿತ್ರವನ್ನು ನೋಡಿಕೊಳ್ಳುವ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದಾಗ ಅದರ ಜೊತೆ ಎಚ್‌ಡಿಎಂಐ ಸೌಂಡ್ ಡ್ರೈವರೂ ಬರುವುದುಂಟು. ಆಗ ದಾರಿ ಬದಲಾಗಬಹುದು. ಪಕ್ಕದ ಕೋಣೆಯಲ್ಲಿ ಆಫ್ ಮಾಡದೆ ಬಿಟ್ಟ ಬ್ಲೂಟೂತ್ ಹೆಡ್‌ಫೋನ್ ಕೂಡ ಸುಮ್ನೆ ಸೌಂಡ್ ಎಳೆದುಕೊಂಡು ಕೂತಿರುತ್ತದೆ.

ನಿವೃತ್ತ ಶಿಕ್ಷಕಿಯೊಬ್ಬರು ಮನೆಯಿಂದಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಮಗ ದೊಡ್ಡ ಮಾನಿಟರ್ ಹಾಕಿಕೊಟ್ಟ. ಆವತ್ತಿನಿಂದ ಸೌಂಡ್ ನಿಂತಿತು. ಪರಿಚಯದವರೊಬ್ಬರು ಬಂದು, ಸೌಂಡ್ ಕಾರ್ಡ್ ಗೊಂದಲವಾಗಿದೆ ಎಂದು ಫಾರ್ಮ್ಯಾಟ್ ಮಾಡಿಬಿಟ್ಟರು. ಮೇಡಂ ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಪಾಠಗಳೆಲ್ಲ ಅದರಲ್ಲೇ ಇದ್ದವು. ನಾನು ಹೋದಾಗಲೂ ಸೌಂಡ್ ಆ ಮಾನಿಟರಿಗೇ ಹೋಗುತ್ತಿತ್ತು. ಸ್ಪೀಕರ್ ಹೆಸರಿನ ಮೇಲೆ ಕ್ಲಿಕ್ ಮಾಡಿದೆ, ಬಂತು. "ಇಷ್ಟೇನಾ?" ಎಂದು ಕೇಳಿದರು. ಅವರ ಮುಖ ನೋಡಿ ನನಗೆ ಉತ್ತರ ಹೇಳಲಾಗಲಿಲ್ಲ. ಬೇರೆ ಕಡೆ ಕಾಪಿ ಇಲ್ಲದ ಕಂಪ್ಯೂಟರನ್ನು ಹೀಗೆ ಅಳಿಸುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ನೋಡುವುದು ಹೀಗೆ. ಟಾಸ್ಕ್‌ಬಾರಿನ ಸ್ಪೀಕರ್ ಚಿತ್ರ ಒತ್ತಿ. ವಿಂಡೋಸ್ 10ರಲ್ಲಿ ವಾಲ್ಯೂಮ್ ಪಟ್ಟಿಯ ಮೇಲೆಯೇ ಸಾಧನದ ಹೆಸರಿರುತ್ತದೆ, ಅದನ್ನು ಒತ್ತಿದರೆ ಉಳಿದವು ಕಾಣುತ್ತವೆ. 11ರಲ್ಲಿ ಪಟ್ಟಿಯ ಬಲಗಡೆಯ ಸಣ್ಣ ಗುರುತು ಒತ್ತಬೇಕು. ಅಲ್ಲಿ ಮಾನಿಟರಿನ ಹೆಸರೋ ಮಾಡೆಲ್ ನಂಬರೋ ಆಯ್ಕೆಯಾಗಿದ್ದರೆ, ಸ್ಪೀಕರ್ ಆರಿಸಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗಕ್ಕೆ ಹೋಗಿ ಔಟ್‌ಪುಟ್ ನೋಡಿ.

ಇದರಿಂದ ಬಗೆಹರಿಯದಿದ್ದರೆ ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. ಹಾಡೊಂದನ್ನು ಹಾಕಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಪ್ಲೇಬ್ಯಾಕ್ ಪಟ್ಟಿ ತೆರೆಯುತ್ತದೆ. ಒಂದೊಂದು ಸಾಧನದ ಪಕ್ಕದಲ್ಲೂ ಸಣ್ಣ ಗೆರೆಗಳಿರುತ್ತವೆ. ಸೌಂಡ್ ಯಾವುದಕ್ಕೆ ಹೋಗುತ್ತಿದೆಯೋ ಅದರ ಗೆರೆಗಳು ಹಸಿರಾಗಿ ಕುಣಿಯುತ್ತವೆ. ಬೇರೆ ಸಾಧನದ ಪಕ್ಕ ಕುಣಿಯುತ್ತಿದ್ದರೆ ನಿಮ್ಮ ಸ್ಪೀಕರನ್ನು ಡೀಫಾಲ್ಟ್ ಮಾಡಿ, ಅಂದರೆ ಸೌಂಡ್ ಮೊದಲು ಅದಕ್ಕೇ ಹೋಗುವಂತೆ ಮಾಡಿ. ನಿಮ್ಮ ಸ್ಪೀಕರಿನ ಪಕ್ಕದಲ್ಲೇ ಕುಣಿಯುತ್ತಿದ್ದರೆ ವಿಂಡೋಸ್ ಸೌಂಡನ್ನು ಸರಿಯಾದ ಕಡೆಗೇ ಕಳಿಸುತ್ತಿದೆ. ಆಗ ತೊಂದರೆ ಬಹುಮಟ್ಟಿಗೆ ಕೇಬಲ್, ತೂತು ಅಥವಾ ಸ್ಪೀಕರಿನಲ್ಲಿರುತ್ತದೆ. ಅದೇ ತೂತಿಗೆ ಹೆಡ್‌ಫೋನ್ ಹಾಕಿ ಕೇಳಿ. ಎಲ್ಲೂ ಗೆರೆ ಅಲುಗಾಡದಿದ್ದರೆ ಹಾಡುತ್ತಿರುವ ಪ್ರೋಗ್ರಾಮನ್ನೇ ನೋಡಬೇಕು. ಬ್ರೌಸರ್ ಟ್ಯಾಬ್ ಮ್ಯೂಟ್ ಆಗಿರಬಹುದು, ಒಂದೊಂದು ಪ್ರೋಗ್ರಾಮಿನ ಸೌಂಡನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ವಾಲ್ಯೂಮ್ ಮಿಕ್ಸರಿನಲ್ಲಿ ಅದೊಂದೇ ಕೆಳಗಿರಬಹುದು. ಮೀಟಿಂಗ್ ಆ್ಯಪ್‌ಗಳಿಗೆ ತಮ್ಮದೇ ಬೇರೆ ಸ್ಪೀಕರ್ ಆಯ್ಕೆ ಇರುತ್ತದೆ, ಅದನ್ನೂ ನೋಡಿ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಾಟ. ಹೆಡ್‌ಫೋನ್ ಎಳೆದರೂ, ಅದು ಒಳಗೇ ಇದೆ ಎಂದು ಲ್ಯಾಪ್‌ಟಾಪ್ ತಿಳಿದುಕೊಂಡಿರುತ್ತದೆ. ಪಿನ್ ಬಂದಿದೆಯಾ ಎಂದು ಗುರುತಿಸುವ ಸಣ್ಣ ಸ್ವಿಚ್ ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ. ಪಿನ್ನನ್ನು ಮೆಲ್ಲಗೆ ಕೆಲವು ಸಲ ಹಾಕಿ ತೆಗೆಯಿರಿ. ಸೂಜಿ ಹಾಕಿ ಕೆದಕಬೇಡಿ, ಒಳಗಿನ ತಗಡು ಬಗ್ಗಿದರೆ ತೂತನ್ನೇ ಬದಲಿಸಬೇಕಾದೀತು.

ಡ್ರೈವರಿನ ಸರದಿ ಬರುವುದು ನಿಮ್ಮ ಸ್ಪೀಕರ್ ಆ ಪ್ಲೇಬ್ಯಾಕ್ ಪಟ್ಟಿಯಲ್ಲೇ ಇಲ್ಲದಿದ್ದಾಗ. ಅದಕ್ಕೂ ಮೊದಲು ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ನಿಷ್ಕ್ರಿಯ ಸಾಧನಗಳನ್ನು ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಯಾರೋ ಡಿಸೇಬಲ್ ಮಾಡಿದ್ದರೆ ಅಲ್ಲೇ ಸಿಗುತ್ತದೆ. ಆಗಲೂ ಸಿಗದಿದ್ದರೆ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡ್) ತಯಾರಕರ ಪುಟದಿಂದಲೇ ಡ್ರೈವರ್ ತನ್ನಿ. ಎಲ್ಲ ಡ್ರೈವರೂ ತಾನೇ ಸರಿಮಾಡುತ್ತೇನೆ ಎನ್ನುವ ಪ್ರೋಗ್ರಾಮುಗಳನ್ನು ದಯವಿಟ್ಟು ಹಾಕಬೇಡಿ. ಅವು ಬೇಡದ್ದನ್ನೂ ಜೊತೆಗೆ ತುಂಬುವುದೇ ಜಾಸ್ತಿ.

ಅದೂ ಆಗದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆ) ಓಡಿಸಿ ನೋಡಿ. 'ಇನ್‌ಸ್ಟಾಲ್' ಒತ್ತದೆ, ಸುಮ್ನೆ ಪ್ರಯತ್ನಿಸುವ ಆಯ್ಕೆ ತೆಗೆದುಕೊಂಡರೆ ನಿಮ್ಮ ಫೈಲುಗಳು ಹಾಗೆಯೇ ಇರುತ್ತವೆ. ಅಲ್ಲಿ ಸೌಂಡ್ ಬಂದರೆ ಯಂತ್ರ ಚೆನ್ನಾಗಿದೆ, ವಿಂಡೋಸ್ ಕಡೆಯೇ ಹುಡುಕಬೇಕು. ಅಲ್ಲೂ ಬರದಿದ್ದರೆ, ವಿಂಡೋಸ್‌ಗೂ ಮೊದಲು ಶುರುವಾಗುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಆಡಿಯೋ ಆಫ್ ಆಗಿರಬಹುದು, ಇಲ್ಲವೇ ಸೌಂಡ್ ಚಿಪ್ ಹೋಗಿರಬಹುದು. ಚಿಪ್ ಹೋಗಿದ್ದರೂ ಬೋರ್ಡ್ ಬದಲಿಸಲು ಓಡಬೇಡಿ. ಒಂದು ಸಣ್ಣ ಯುಎಸ್‌ಬಿ ಸೌಂಡ್ ಅಡಾಪ್ಟರ್ ಹಾಕಿ, ಸ್ಪೀಕರ್ ಪಿನ್ ಅದಕ್ಕೆ ಚುಚ್ಚಿದರೆ ಸಾಕಾಗುತ್ತದೆ.