ಯು.ಎಸ್. ಪರ್ಸನ್ ಅಂದರೆ ಅಮೆರಿಕದ ಪ್ರಜೆ ಎಂದಲ್ಲ

ಅಮೆರಿಕದ ಫೋನ್ ಕದ್ದಾಲಿಕೆ ಬಗ್ಗೆ ಸುದ್ದಿ ಬಂದಾಗಲೆಲ್ಲ ಒಂದು ಸಾಲು ಇದ್ದೇ ಇರುತ್ತದೆ: 'ಅಮೆರಿಕದ ಪ್ರಜೆಗಳಿಗೆ ಕಾನೂನಿನ ರಕ್ಷಣೆ ಇದೆ, ಉಳಿದವರಿಗೆ ಇಲ್ಲ.' ಓದಿದವರು ಇದೇ ಸರಿ ಅಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಆ ಕಾನೂನಿನಲ್ಲಿ ಇರುವ ಪದ ಬೇರೆ. ಅದು 'ಯು.ಎಸ್. ಪರ್ಸನ್'. ಪ್ರಜೆಗೂ ಈ ಪರ್ಸನ್‌ಗೂ ನಡುವೆ ಇರುವ ಜಾಗದಲ್ಲಿ ಲಕ್ಷಾಂತರ ಭಾರತೀಯರಿದ್ದಾರೆ. ಹಾಗಾಗಿ ಇದನ್ನು ಸುಮ್ನೆ ಬಿಡುವಂತಿಲ್ಲ.

1978ರ ವಿದೇಶಿ ಗುಪ್ತಚರ ನಿಗಾ ಕಾಯ್ದೆಯಲ್ಲಿ, ಅಂದರೆ ಎಲ್ಲರೂ 'ಫೀಸಾ' ಅನ್ನುವ ಕಾನೂನಿನಲ್ಲಿ, ಈ ಪದಕ್ಕೆ ವಿವರಣೆ ಇದೆ. ಅಮೆರಿಕದ ಪ್ರಜೆ ಯು.ಎಸ್. ಪರ್ಸನ್. ಗ್ರೀನ್ ಕಾರ್ಡ್ ಇದ್ದವರೂ ಯು.ಎಸ್. ಪರ್ಸನ್. ಇಂಥವರು ಗಣನೀಯ ಸಂಖ್ಯೆಯಲ್ಲಿರುವ ಸಂಘ, ಅಮೆರಿಕದಲ್ಲಿ ನೋಂದಾಯಿಸಿದ ಕಂಪನಿ, ಇವೂ ಬಹುಮಟ್ಟಿಗೆ ಯು.ಎಸ್. ಪರ್ಸನ್. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕಾಗದದ ಮೇಲೆ ಮಾತ್ರ ಇರುವ ಒಂದು ಕಂಪನಿ ಇಲ್ಲಿ 'ಪರ್ಸನ್' ಆಗುತ್ತದೆ. ಹಾಸನದಲ್ಲಿ ಕೂತು ಮಗಳಿಗೆ ಫೋನ್ ಮಾಡುವ ತಂದೆ ಆಗುವುದಿಲ್ಲ. ಅವರಿಗೆ ಕಾನೂನು ಬೇರೆ ಹೆಸರನ್ನೂ ಕೊಟ್ಟಿಲ್ಲ. ಅವರು 'ನಾನ್ ಯು.ಎಸ್. ಪರ್ಸನ್', ಅಷ್ಟೇ.

ಗೊಂದಲ ಹುಟ್ಟುವುದು ಬ್ಯಾಂಕಿನಲ್ಲಿ. ಮ್ಯೂಚುವಲ್ ಫಂಡ್‌ಗೋ ಎನ್‌ಆರ್‌ಐ ಖಾತೆಗೋ ಅರ್ಜಿ ತುಂಬುವಾಗ 'ನೀವು ಯು.ಎಸ್. ಪರ್ಸನ್ ಹೌದೇ?' ಎಂಬ ಪ್ರಶ್ನೆ ನೋಡಿರುತ್ತೀರಿ. ಅದು ಫ್ಯಾಟ್ಕಾ, ಅಮೆರಿಕದ 2010ರ ತೆರಿಗೆ ಕಾನೂನು. ಭಾರತ ಅದಕ್ಕಾಗಿ 2015ರಲ್ಲಿ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ಈ ತೆರಿಗೆ ಕಾನೂನಿನಲ್ಲಿ ಪದದ ಅರ್ಥವೇ ಬೇರೆ. ಅಲ್ಲಿ ದಿನ ಲೆಕ್ಕ ಹಾಕುತ್ತಾರೆ. ಎಚ್-1ಬಿ ವೀಸಾದಲ್ಲಿ ಹೋಗಿ ವರ್ಷದಲ್ಲಿ ಸಾಕಷ್ಟು ದಿನ ಅಲ್ಲಿದ್ದವರು ತೆರಿಗೆಯ ಮಟ್ಟಿಗೆ ಯು.ಎಸ್. ಪರ್ಸನ್. ಪ್ರಪಂಚದ ಯಾವ ಮೂಲೆಯಲ್ಲಿ ಬಡ್ಡಿ ಬಂದರೂ ಅಲ್ಲಿನ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಅದೇ ಮನುಷ್ಯ ಫೀಸಾ ಕಾನೂನಿನ ಮುಂದೆ ನಿಂತರೆ ಯು.ಎಸ್. ಪರ್ಸನ್ ಅಲ್ಲ. ಹತ್ತು ವರ್ಷ ತೆರಿಗೆ ಕಟ್ಟಿದ್ದರೂ ಅಲ್ಲ. ತೆರಿಗೆ ಸಲಹೆಗಾರರ ವಿಡಿಯೊ ನೋಡಿ 'ನಾನೂ ಯು.ಎಸ್. ಪರ್ಸನ್ ತಾನೇ, ನನ್ನ ಫೋನ್ ಮುಟ್ಟುವಂತಿಲ್ಲ' ಎಂದು ಬರೆಯುವವರನ್ನು ಎಷ್ಟು ಸಲ ತಿದ್ದುವುದು? ಪದ ಒಂದೇ, ಕಾನೂನು ಎರಡು.

ಈ ಗೆರೆ ಎಲ್ಲಿಂದ ಬಂತು ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗಿನಿಂದ 1975ರವರೆಗೆ 'ಶ್ಯಾಮ್‌ರಾಕ್' ಎಂಬ ಗುಪ್ತ ಯೋಜನೆಯಲ್ಲಿ ದೊಡ್ಡ ಟೆಲಿಗ್ರಾಂ ಕಂಪನಿಗಳು ಅಮೆರಿಕದಿಂದ ಹೊರದೇಶಗಳಿಗೆ ಹೋಗಿಬರುವ ತಂತಿಗಳನ್ನು ಸರ್ಕಾರಕ್ಕೆ ಒಪ್ಪಿಸುತ್ತಿದ್ದವು. 'ಮಿನರೆಟ್' ಎಂಬ ಇನ್ನೊಂದು ಯೋಜನೆಯ ನಿಗಾಪಟ್ಟಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಮುಹಮ್ಮದ್ ಅಲಿ ಅವರ ಹೆಸರೂ ಇದ್ದವು. ಸೆನೆಟರ್ ಫ್ರಾಂಕ್ ಚರ್ಚ್ ಸಮಿತಿ ಇಂಥವನ್ನೆಲ್ಲ ಬಯಲಿಗೆ ಎಳೆದಾಗ ಜನ ಸಿಟ್ಟಾದರು. ಕಾನೂನು ಬಂತು. ಆದರೆ ಸಿಟ್ಟಾದವರು ಅಲ್ಲಿನ ಮತದಾರರು. ಅವರ ಪ್ರಶ್ನೆ 'ನಮ್ಮನ್ನೇ ಕೇಳಿಸಿಕೊಳ್ಳುತ್ತೀರಾ?' ಎಂಬುದಾಗಿತ್ತು. ಆ ತಂತಿಗಳ ಇನ್ನೊಂದು ತುದಿಯಲ್ಲಿ ಇದ್ದವರ ಪರವಾಗಿ ಕೇಳಲು ಆ ಸಂಸತ್ತಿನಲ್ಲಿ ಯಾರೂ ಇರಲಿಲ್ಲ. ಅಲ್ಲಿನ ಪ್ರತಿನಿಧಿಗೆ ಅವರು ಪತ್ರ ಬರೆಯುವಂತಿಲ್ಲ, ಮುಂದಿನ ಚುನಾವಣೆಯಲ್ಲಿ ಸೋಲಿಸುವಂತಿಲ್ಲ. ಈ ಪದದ ಒಳಗೆ ಇರುವುದು ಇದೇ.

ಅಮೆರಿಕದ ಹೊರಗಿರುವ ನಾನ್ ಯು.ಎಸ್. ಪರ್ಸನ್‌ಗಳ ಮೇಲೆ ನಿಗಾ ಇಡಲು 2008ರಲ್ಲಿ ಫೀಸಾಕ್ಕೆ 702ನೇ ಸೆಕ್ಷನ್ ಸೇರಿತು. ಅದರ ಕೆಲಸ ಅರ್ಥವಾಗಲು ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಹಾಸನದಲ್ಲಿ, ಕೇಂದ್ರದ ವಾಣಿಜ್ಯ ಇಲಾಖೆಯಿಂದ ನಿವೃತ್ತರಾದವರು. ಮಗ ಡಲ್ಲಾಸ್‌ನಲ್ಲಿ, ಎಚ್-1ಬಿ. ಮಗಳು ಸಿಯಾಟಲ್‌ನಲ್ಲಿ, ಗ್ರೀನ್ ಕಾರ್ಡ್. ಅಪ್ಪನಿಂದ 'ವಿದೇಶಿ ಗುಪ್ತಚರ ಮಾಹಿತಿ' ಸಿಗಬಹುದು ಎಂದು ಅಧಿಕಾರಿಗೆ ಅನಿಸಿದರೆ ಅವರ ಜಿಮೇಲ್ ಗುರಿಯಾಗಬಹುದು. ಅಪರಾಧದ ಸಂಶಯ ಬೇಕಿಲ್ಲ. ಅಮೆರಿಕದ ವಿದೇಶಾಂಗ ವ್ಯವಹಾರಕ್ಕೆ ಸಂಬಂಧಪಟ್ಟ ಮಾಹಿತಿಯೂ ಆ ಪದದೊಳಗೆ ಬರುತ್ತದೆ. ಫೀಸಾದ ವಿಶೇಷ ಕೋರ್ಟ್ ವರ್ಷಕ್ಕೊಮ್ಮೆ ಒಟ್ಟಾರೆ ವಿಧಾನಕ್ಕೆ ಒಪ್ಪಿಗೆ ಕೊಡುತ್ತದೆ. ಅಪ್ಪನ ಹೆಸರನ್ನು ಯಾವ ನ್ಯಾಯಾಧೀಶರೂ ನೋಡುವುದಿಲ್ಲ. ಮಗ ಡಲ್ಲಾಸ್‌ನಲ್ಲಿ ಇರುವಷ್ಟು ದಿನ 702ರ ಗುರಿಯಾಗುವಂತಿಲ್ಲ, ದೀಪಾವಳಿಗೆ ಊರಿಗೆ ಬಂದರೆ ಆಗಬಹುದು. ಮಗಳು ಮಾತ್ರ ಹಾಸನಕ್ಕೇ ಬಂದು ಕೂತರೂ 702ರ ಗುರಿಯಾಗುವುದಿಲ್ಲ. ಅವಳಿಗೆ ಪ್ರತ್ಯೇಕ ಕೋರ್ಟ್ ಆದೇಶ ಬೇಕು. ಅಪ್ಪ-ಮಗಳ ಪತ್ರ ವರದಿಯಲ್ಲಿ ಬಂದರೆ ಮಗಳ ಹೆಸರನ್ನು ಸಾಮಾನ್ಯವಾಗಿ ಮುಚ್ಚಿ 'ಒಬ್ಬ ಯು.ಎಸ್. ಪರ್ಸನ್' ಎಂದು ಹಾಕಬೇಕು. ಅಪ್ಪನ ಹೆಸರಿಗೆ ಆ ನಿಯಮ ಇಲ್ಲ.

702ರ ಗುರಿಗಳ ಸಂಖ್ಯೆ 2013ರಲ್ಲಿ 89,138 ಇತ್ತು. 2022ಕ್ಕೆ 2,46,073 ಆಯಿತು. ಇದು ಅಲ್ಲಿನ ಸರ್ಕಾರವೇ ಕೊಟ್ಟ ಲೆಕ್ಕ.

ಇನ್ನು ಅಮೆರಿಕದ ಹೊರಗೇ ಹಿಡಿಯುವ ಕರೆಗಳಿಗೆ ಇಷ್ಟು ಕೋರ್ಟ್ ನೆರಳೂ ಇಲ್ಲ. ಅದು ಅಧ್ಯಕ್ಷರಾಗಿದ್ದ ರೇಗನ್ 1981ರಲ್ಲಿ ಸಹಿ ಹಾಕಿದ 12333ನೇ ಆದೇಶದ ಕೆಳಗೆ ನಡೆಯುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಿಂದ 2014ರಲ್ಲಿ ಗೊತ್ತಾದ ಬಹಾಮಾಸ್ ಪ್ರಕರಣ ನೋಡಿ. ನಾಲ್ಕು ಲಕ್ಷ ಜನರೂ ಇಲ್ಲದ ದ್ವೀಪದೇಶ. ಅಲ್ಲಿನ ಹೆಚ್ಚುಕಡಿಮೆ ಎಲ್ಲ ಮೊಬೈಲ್ ಕರೆಗಳನ್ನೂ ಧ್ವನಿಸಹಿತ ಹಿಡಿದು 30 ದಿನ ಇಟ್ಟುಕೊಳ್ಳುತ್ತಿದ್ದರು. ಮೀನು ಮಾರುವವರದ್ದು, ಶಾಲೆಯ ಮಕ್ಕಳದ್ದು, ಮಂತ್ರಿಗಳದ್ದು, ಎಲ್ಲವೂ. ಅವರನ್ನು ಯಾರೂ ಕೇಳಲಿಲ್ಲ. ಬ್ರೆಜಿಲ್‌ನ ಆಗಿನ ಅಧ್ಯಕ್ಷೆ ಡಿಲ್ಮಾ ರೂಸೆಫ್ ತಮ್ಮ ಕದ್ದಾಲಿಕೆ ತಿಳಿದಾಗ ವಾಷಿಂಗ್ಟನ್ ಭೇಟಿಯನ್ನೇ ಮುಂದೂಡಿದರು. ಮೀನು ಮಾರುವವರಿಗೆ ಮುಂದೂಡಲು ಏನಿದೆ?

ಬೇರೆ ದೇಶದವರಿಗೆ ಹಕ್ಕು ಯಾಕಿಲ್ಲ ಎಂದರೆ 1990ರ ವೆರ್ಡುಗೊ-ಉರ್ಕಿಡೆಝ್ ತೀರ್ಪು ತೋರಿಸುತ್ತಾರೆ. ಮೆಕ್ಸಿಕೊದವನೊಬ್ಬನ ಮನೆಗಳನ್ನು ಅಮೆರಿಕದ ಅಧಿಕಾರಿಗಳು ಮೆಕ್ಸಿಕೊದಲ್ಲೇ ವಾರಂಟ್ ಇಲ್ಲದೆ ಶೋಧಿಸಿದ್ದರು. ಸಂವಿಧಾನದ ನಾಲ್ಕನೇ ತಿದ್ದುಪಡಿ 'ಜನ'ರಿಗೆ ಕೊಟ್ಟ ರಕ್ಷಣೆ ಅಮೆರಿಕದ ರಾಷ್ಟ್ರಸಮುದಾಯಕ್ಕೆ ಸೇರಿದವರಿಗೆ ಅಥವಾ ಆ ದೇಶದ ಜೊತೆ ಸಾಕಷ್ಟು ನಂಟು ಇರುವವರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದು ಪ್ರಪಂಚದ ನಿಯಮ ಏನಲ್ಲ. ಜರ್ಮನಿಯ ಸಾಂವಿಧಾನಿಕ ಕೋರ್ಟ್ 2020ರ ಮೇನಲ್ಲಿ ಇದರ ವಿರುದ್ಧ ದಿಕ್ಕಿನಲ್ಲಿ ಹೋಯಿತು. ಜರ್ಮನ್ ಸರ್ಕಾರ ಹೊರದೇಶದಲ್ಲಿ ಹೊರದೇಶದವರ ಮಾತು ಕೇಳುವಾಗಲೂ ಮೂಲಭೂತ ಹಕ್ಕುಗಳಿಗೆ ಬದ್ಧ ಎಂದಿತು.

ನಮ್ಮ ಸಂವಿಧಾನದಲ್ಲೂ 19ನೇ ವಿಧಿ 'ನಾಗರಿಕ' ಎನ್ನುತ್ತದೆ, 21ನೇ ವಿಧಿ 'ವ್ಯಕ್ತಿ' ಎನ್ನುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ 2017ರ ತೀರ್ಪು ಖಾಸಗಿತನವನ್ನು ಮುಖ್ಯವಾಗಿ 21ರಲ್ಲೇ ನೆಲೆಗೊಳಿಸಿತು. ಹಾಗೆಂದು ಎದೆ ತಟ್ಟಿಕೊಳ್ಳುವ ಸ್ಥಿತಿ ನಮ್ಮದಲ್ಲ. ಇಲ್ಲಿ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಸಹಿ ಸಾಕು, ನ್ಯಾಯಾಧೀಶರು ಬೇಕಿಲ್ಲ.

ಯುರೋಪಿನವರಿಗೆ ಈಗ ದೂರು ಕೊಡಲು ಒಂದು ದಾರಿ ಇದೆ. ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಹೂಡಿದ ಹೋರಾಟದಲ್ಲಿ ಯುರೋಪಿನ ಕೋರ್ಟ್ 2015ರಲ್ಲೂ 2020ರಲ್ಲೂ ಯುರೋಪಿನವರ ಡೇಟಾವನ್ನು ಅಮೆರಿಕಕ್ಕೆ ಕಳಿಸಲು ಇದ್ದ ಒಪ್ಪಂದಗಳನ್ನೇ ರದ್ದು ಮಾಡಿತು. ವ್ಯಾಪಾರಕ್ಕೆ ಪೆಟ್ಟು ಬೀಳುವುದು ಕಂಡ ಮೇಲೆ 2022ರಲ್ಲಿ ಆಗಿನ ಅಧ್ಯಕ್ಷ ಬೈಡನ್ ಆದೇಶ ಹೊರಡಿಸಿ ಪರಿಶೀಲನಾ ಕೋರ್ಟೊಂದನ್ನು ಮಾಡಿದರು. ನಿಮ್ಮ ಮೇಲೆ ನಿಗಾ ಇತ್ತೋ ಇಲ್ಲವೋ ಎಂದು ಅದು ಹೇಳುವುದಿಲ್ಲ. 'ತಪ್ಪು ಕಂಡಿಲ್ಲ, ಅಥವಾ ಕಂಡದ್ದನ್ನು ಸರಿಪಡಿಸಲು ಆದೇಶಿಸಿದ್ದೇವೆ' ಎಂಬ ಅರ್ಥದ ಒಂದೇ ಉತ್ತರ ಎಲ್ಲರಿಗೂ. ಅಷ್ಟಾದರೂ ಸಿಗುವುದು ಅಮೆರಿಕ ಪಟ್ಟಿ ಮಾಡಿದ ದೇಶಗಳವರಿಗೆ: ಯುರೋಪಿಯನ್ ಒಕ್ಕೂಟ ಮತ್ತು ಅದರ ಜೊತೆಗಿನ ದೇಶಗಳು, ಬ್ರಿಟನ್, ಸ್ವಿಟ್ಜರ್ಲೆಂಡ್. ಭಾರತದ ಹೆಸರನ್ನು ಅಲ್ಲಿ ಸೇರಿಸಿಲ್ಲ. ಯಾವ ದೇಶಕ್ಕೆ ಡೇಟಾ ಹೋಗಬಾರದು ಎಂದು ಹೇಳುವ ಅಧಿಕಾರವನ್ನು ನಮ್ಮ 2023ರ ಡೇಟಾ ರಕ್ಷಣಾ ಕಾಯ್ದೆ ಕೇಂದ್ರಕ್ಕೆ ಕೊಟ್ಟಿದೆ. ಹಾಸನದ ಅಪ್ಪನ ದೂರನ್ನು ಅಮೆರಿಕ ಕೇಳಿಸಿಕೊಳ್ಳಬೇಕೆಂದರೆ ನಮ್ಮ ಸರ್ಕಾರ ಮೊದಲು ಆ ಅಧಿಕಾರವನ್ನು ಮುಂದಿಟ್ಟುಕೊಂಡು ಮಾತಾಡಬೇಕು.