ಓಡುವಾಗ ತೂಗಾಡುವ ಬೆಕ್ಕಿನ ಹೊಟ್ಟೆ: ಬೊಜ್ಜೋ, ಬರೀ ಚರ್ಮವೋ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಈಗ 2 ವರ್ಷ. 6 ತಿಂಗಳಿದ್ದಾಗ ಮರಿಯಾಗದಂತೆ ಆಪರೇಷನ್ ಮಾಡಿಸಿದೆವು. ಆಮೇಲಿಂದ ಹಿಂಗಾಲಿನ ಮುಂದೆ ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಓಡಿದರೆ ಅತ್ತಿತ್ತ ತೂಗಾಡುತ್ತದೆ. ಹೊಲಿಗೆ ಸಡಿಲವಾಯಿತೇ? ಊಟ ಕಡಿಮೆ ಮಾಡಬೇಕೇ?

ಉತ್ತರ: ಹೊಲಿಗೆಯ ಮೇಲಿನ ಅನುಮಾನ ಬಿಡಿ. ಗಂಡು ಬೆಕ್ಕಿನ ಬೀಜ ತೆಗೆಯುವಾಗ ಹೊಟ್ಟೆಯನ್ನು ಕೊಯ್ಯುವುದೇ ಇಲ್ಲ. ಆದರೂ ಗಂಡಿಗೂ ಇದೇ ಜೋಲು ಬರುತ್ತದೆ, ಆಪರೇಷನ್ನೇ ಆಗದ ಬೀದಿ ಬೆಕ್ಕಿಗೂ ಬರುತ್ತದೆ. ಸಾಮಾನ್ಯವಾಗಿ ಇದು ಎದ್ದು ಕಾಣಲು ಶುರುವಾಗುವುದು ಮರಿಗೆ 6 ತಿಂಗಳಾದ ಮೇಲೆ. ನಾವು ಆಪರೇಷನ್ ಮಾಡಿಸುವುದೂ ಆ ಹೊತ್ತಿಗೇ. ಹಾಗಾಗಿ ತಪ್ಪು ಹೊಲಿಗೆಯ ತಲೆಗೆ ಬರುತ್ತದೆ.

ಇದಕ್ಕೆ ಪಶುವೈದ್ಯರು ಹೇಳುವ ಹೆಸರು ಪ್ರೈಮೋರ್ಡಿಯಲ್ ಪೌಚ್. ಎರಡು ಪದರ ಸಡಿಲ ಚರ್ಮ, ನಡುವೆ ಒಂದಿಷ್ಟು ಕೊಬ್ಬು, ಅಷ್ಟೇ. ಈಜಿಪ್ಷಿಯನ್ ಮಾವ್ ತಳಿಯಲ್ಲಿ ಈ ಜೋಲು ಇರಬೇಕೆಂದೇ ತಳಿಯ ಲಕ್ಷಣಗಳಲ್ಲಿ ಬರೆದಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ, ಮೈಸೂರು ಮೃಗಾಲಯದಲ್ಲಿ ಹುಲಿ ನಡೆಯುವುದನ್ನು ಪಕ್ಕದಿಂದ ನೋಡಿ. ಹಿಂಗಾಲಿನ ಮುಂದೆ ಅದೇ ಚರ್ಮ, ಅದೇ ತೂಗಾಟ.

ಯಾಕಿದೆ ಎಂಬುದಕ್ಕೆ ಮೂರು ವಿವರಣೆಗಳಿವೆ. ಬೆಕ್ಕುಗಳು ಕಾದಾಡುವಾಗ ಮುಂಗಾಲಲ್ಲಿ ತಬ್ಬಿ ಹಿಡಿದು ಹಿಂಗಾಲಿನ ಉಗುರಿನಿಂದ ಎದುರಾಳಿಯ ಹೊಟ್ಟೆಯನ್ನು ಪರಚುತ್ತವೆ. ಚರ್ಮ ಸಡಿಲವಿದ್ದರೆ ಉಗುರು ಒಳಗಿನ ಅಂಗಕ್ಕೆ ತಲುಪುವ ಮೊದಲೇ ಜಾರುತ್ತದೆ. ಎರಡನೆಯದು, ಓಟದಲ್ಲಿ ಹಿಂಗಾಲು ಪೂರ್ತಿ ಚಾಚಲು ಬಿಗಿ ಚರ್ಮ ಅಡ್ಡಿಯಾಗಬಾರದು. ಮೂರನೆಯದು, ಕಾಡಿನಲ್ಲಿ ಬೇಟೆ ಸಿಕ್ಕ ದಿನ ಹೊಟ್ಟೆ ಹಿಗ್ಗಲು ಜಾಗ ಬೇಕು. ಮೂರೂ ಊಹೆಗಳೇ. ನಮಗೆ ಮೊದಲನೆಯದು ಹೆಚ್ಚು ಒಪ್ಪುತ್ತದೆ.

ಬೊಜ್ಜೋ ಅಲ್ಲವೋ ಎಂದು ಕಣ್ಣಿನಿಂದ ತೀರ್ಮಾನಿಸಬೇಡಿ, ಕೈಯಿಂದ ನೋಡಿ. ಬೆಕ್ಕು ನಿಂತಿರುವಾಗ ಎರಡೂ ಪಕ್ಕೆಯ ಮೇಲೆ ಬೆರಳನ್ನು ಒತ್ತದೆ ಆಡಿಸಿ. ಹೋಲಿಕೆಗೆ ನಿಮ್ಮದೇ ಇನ್ನೊಂದು ಕೈಯನ್ನು ಬೋರಲು ಚಾಚಿ ಅದರ ಹಿಂಭಾಗವನ್ನು ಸವರಿ: ಪಕ್ಕೆಲುಬು ಅಷ್ಟು ಸಿಕ್ಕರೆ ತೂಕ ಸರಿಯಿದೆ. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಚುಚ್ಚಿದರೆ ಬೆಕ್ಕು ಬಡಕಲು. ಅಂಗೈಯ ಬುಡದಂತೆ ಮೆತ್ತಗಿದ್ದು ಎಲುಬನ್ನು ಹುಡುಕಬೇಕಾಗಿ ಬಂದರೆ ಬೊಜ್ಜು. ಆಮೇಲೆ ಮೇಲಿನಿಂದ ನೋಡಿ, ಪಕ್ಕೆಲುಬು ಮುಗಿದ ಮೇಲೆ ಸೊಂಟ ಸ್ವಲ್ಪ ಒಳಕ್ಕೆ ಹೋಗಿರಬೇಕು. ಕೊನೆಗೆ ಜೋಲನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿಯಿರಿ. ಬರೀ ಚರ್ಮವಾದರೆ ತೆಳ್ಳಗೆ ಮಡಿಕೆಯಾಗಿ ಕೈಗೆ ಬರುತ್ತದೆ, ಬಿಟ್ಟರೆ ತೂಗುತ್ತದೆ. ಬೊಜ್ಜಿನ ಹೊಟ್ಟೆ ಎದೆಯ ಹಿಂದಿನಿಂದಲೇ ಗುಂಡಗೆ ತುಂಬಿಕೊಂಡಿರುತ್ತದೆ, ಹಾಗೆ ಮಡಿಕೆಯಾಗುವುದಿಲ್ಲ. ಎರಡೂ ಒಟ್ಟಿಗೆ ಇರುವ ಬೆಕ್ಕುಗಳೂ ಉಂಟು. ಎಷ್ಟೋ ಬೆಕ್ಕುಗಳಿಗೆ ಹೊಟ್ಟೆ ಮುಟ್ಟಿದರೆ ಆಗದು, ನಿದ್ದೆಗಣ್ಣಿನಲ್ಲಿರುವಾಗ ನೋಡಿದರೆ ಕೈ ಉಳಿಯುತ್ತದೆ.

ಊಟದ ವಿಚಾರ. ಆಪರೇಷನ್ ಆದ ಬೆಕ್ಕಿಗೆ ಮೊದಲಿಗಿಂತ ಕಡಿಮೆ ಆಹಾರ ಸಾಕು, ಹಸಿವು ಮಾತ್ರ ಹೆಚ್ಚುತ್ತದೆ. ಮನೆಯೊಳಗೇ ಇರುವ 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುವುದರಿಂದ 50ರಿಂದ 57 ಗ್ರಾಂ ಆಯಿತು. ಬಟ್ಟಲು ತುಂಬಿಸಿಡುವ ಅಭ್ಯಾಸವಿದ್ದರೆ ಒಮ್ಮೆ ತೂಗಿ ನೋಡಿ, ಲೆಕ್ಕ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಹಾಲು-ಅನ್ನ ಹಾಕಿ ಸಾಕುವ ರೂಢಿ ನಮ್ಮಲ್ಲಿ ಹಳೆಯದು. ಆದರೆ ಬೆಕ್ಕು ಮಾಂಸಾಹಾರಿ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ನಿಜಕ್ಕೂ ಬೊಜ್ಜಿದ್ದರೆ ವಾರಕ್ಕೆ ಮೈತೂಕದ ಶೇ. 1ರಷ್ಟು ಇಳಿಸಿ. ಅಂದರೆ 6 ಕೆ.ಜಿ. ಬೆಕ್ಕು ವಾರಕ್ಕೆ 60 ಗ್ರಾಂ. ಉಪವಾಸ ಕೆಡವಲೇಬೇಡಿ. ದಪ್ಪ ಬೆಕ್ಕು ಎರಡು-ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಕಾಮಾಲೆಯಾಗಿ ಪ್ರಾಣಕ್ಕೇ ಬರುತ್ತದೆ. ಇನ್ನೊಂದು, ತೂಕ ಇಳಿದರೂ ಜೋಲು ಹೋಗುವುದಿಲ್ಲ. ಒಳಗಿನ ಕೊಬ್ಬು ಕರಗಿ ಚರ್ಮ ಉಳಿಯುವುದರಿಂದ ಇನ್ನಷ್ಟು ಜೋತಂತೆ ಕಾಣಬಹುದು. ಅದನ್ನು ಕತ್ತರಿಸಿ ತೆಗೆಸುವ ಅಗತ್ಯವೇನೂ ಇಲ್ಲ.

ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳು ಬೇರೆ. ಜೋಲು ತಿಂಗಳುಗಟ್ಟಲೆ ಬೆಳೆಯುವಂಥದ್ದು, ಕೆಲವೇ ದಿನಗಳಲ್ಲಿ ಹೊಟ್ಟೆ ಉಬ್ಬಿದರೆ ಅದು ಜೋಲಲ್ಲ. ಬೆನ್ನು ಮೂಳೆ ಕಾಣುವಷ್ಟು ಸೊರಗಿ ಹೊಟ್ಟೆ ಮಾತ್ರ ಮಡಕೆಯಂತಾದರೆ ನೀರು ತುಂಬಿರಬಹುದು. ಎಳೆಯ ಬೆಕ್ಕುಗಳಲ್ಲಿ ಎಫ್‌ಐಪಿ ಎಂಬ ವೈರಸ್ ರೋಗ ಹೀಗೆ ತೋರಿಸಿಕೊಳ್ಳುತ್ತದೆ, ಬೇಗ ಗುರುತಿಸಿದರೆ ಈಗ ಔಷಧವಿದೆ. ಆಪರೇಷನ್ ಆಗದ ಹೆಣ್ಣಿನಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಮರಿಗಳಲ್ಲಾದರೆ ಜಂತುಹುಳು. ಆಪರೇಷನ್ ಗಾಯದ ನೇರಕ್ಕೆ ಮೆತ್ತನೆಯ ಗಂಟು ಎದ್ದರೆ ಒತ್ತಿ ಒಳಗೆ ತಳ್ಳಲು ಹೋಗಬೇಡಿ, ಅದು ಹರ್ನಿಯಾ ಆಗಿರಬಹುದು. ಮೊಲೆತೊಟ್ಟುಗಳು ಸಾಮಾನ್ಯವಾಗಿ ಎಂಟು, ಎರಡು ಸಾಲು. ಅವುಗಳ ಬುಡದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಸಿಕ್ಕರೂ ಕಾಯಬೇಡಿ. ಬೆಕ್ಕುಗಳಲ್ಲಿ ಸ್ತನದ ಗೆಡ್ಡೆಗಳು ಹೆಚ್ಚಿನವು ಕ್ಯಾನ್ಸರೇ.

ತಿಂಗಳಿಗೊಮ್ಮೆ ತೂಕ ಬರೆದಿಡಿ. ನೀವು ಬೆಕ್ಕನ್ನು ಎತ್ತಿಕೊಂಡು ನಿಂತು ತೂಗುವ ಯಂತ್ರ 100 ಗ್ರಾಂ ಹೆಚ್ಚುಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ. ವಿಮಾನ ಪ್ರಯಾಣಕ್ಕೆಂದು ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಮನೆಯಲ್ಲಿದ್ದರೆ, ಬುಟ್ಟಿಯೊಳಗೆ ಬೆಕ್ಕನ್ನು ಕೂರಿಸಿ ಅದಕ್ಕೆ ನೇತುಹಾಕಿ, ಬುಟ್ಟಿಯ ತೂಕ ಕಳೆಯಿರಿ.