ಅಲ್ಲಾಡದ ರಕ್ತಕ್ಕೆ ಹೆಪ್ಪು

ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಮುಟ್ಟಿದರೆ ನಮ್ಮ ದೊಡ್ಡಮ್ಮ ಗದರುತ್ತಿದ್ದರು. ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗಿ ಕೂರುವುದಿಲ್ಲ. ರಕ್ತದ ಕಥೆಯೂ ಹೆಚ್ಚುಕಡಿಮೆ ಅದೇ. ಹರಿಯುತ್ತಿದ್ದರೆ ತೆಳ್ಳಗಿರುತ್ತದೆ, ಮೂಲೆಯಲ್ಲಿ ನಿಂತರೆ ಹೆಪ್ಪುಗಟ್ಟತೊಡಗುತ್ತದೆ. ಅಂಥದ್ದೊಂದು ಮೂಲೆ ತಮ್ಮ ಎದೆಯೊಳಗೇ ಇದೆಯೆಂದು ದೊಡ್ಡಮ್ಮನಿಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ.

ಮುದ್ದೆ ತಿರುವುವಾಗ ಏದುಸಿರು ಬರುತ್ತಿತ್ತು. ಗ್ಯಾಸ್ ಎಂದುಕೊಂಡಿದ್ದರು. ಒಂದು ದಿನ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ನೋಡಿದೆ. ಎರಡು ಬಡಿತ ಒಂದರ ಹಿಂದೊಂದು, ಆಮೇಲೆ ಖಾಲಿ, ಒಂದು ಕ್ಷೀಣ ಬಡಿತ, ಮತ್ತೆ ಮೂರು ಒಟ್ಟಿಗೆ. ತಾಳವೇ ಇಲ್ಲ. ಅದಕ್ಕೆ ಇಸಿಜಿಯಲ್ಲಿ ಹೆಸರು ಸಿಕ್ಕಿತು, ಏಟ್ರಿಯಲ್ ಫೈಬ್ರಿಲೇಷನ್.

ಈ ತೊಂದರೆಯಲ್ಲಿ ಹೃದಯದ ಮೇಲಿನ ಎರಡು ಕೋಣೆಗಳು ಹಿಂಡುವ ಬದಲು ಬರೀ ನಡುಗುತ್ತವೆ. ಎಡಗೋಣೆಗೆ ಅಂಟಿಕೊಂಡ ಪುಟ್ಟ ಚೀಲವೊಂದಿದೆ. ರಕ್ತ ಅಲ್ಲಿ ನಿಂತು ಗಡ್ಡೆಯಾಗಿ, ಒಂದು ದಿನ ಕಳಚಿಕೊಂಡು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದ ಪ್ರಕಾರ, ಇಂಥವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟಿದ್ದರಂತೂ 17 ಪಟ್ಟು. ದೊಡ್ಡಮ್ಮನದು ಈ ಎರಡನೆಯ ಗುಂಪು.

‘ದಿನಾ ಒಂದು ಆಸ್ಪಿರಿನ್ ತಗೊಂಡರೆ ಸಾಕಲ್ಲ’ ಎಂದು ಹೇಳುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಸಾಲದು. ಕವಾಟದ ತೊಂದರೆಯಿಲ್ಲದವರಲ್ಲೇ ಆಸ್ಪಿರಿನ್ ಲಕ್ವವನ್ನು ತಗ್ಗಿಸುವುದು ಐದರಲ್ಲಿ ಒಂದು ಪಾಲು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಮೂರರಲ್ಲಿ ಎರಡು ಪಾಲು.

ವಾರ್ಫರಿನ್ ಹುಟ್ಟಿದ್ದು ಕೊಟ್ಟಿಗೆಯಲ್ಲಿ. 1933ರ ಫೆಬ್ರವರಿಯಲ್ಲಿ, ಹಿಮ ಸುರಿಯುವಾಗ, ವಿಸ್ಕಾನ್ಸಿನ್‌ನ ರೈತ ಎಡ್ ಕಾರ್ಲ್‌ಸನ್ ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ರಕ್ತವನ್ನೂ, ಹಾಳಾದ ಒಣಹುಲ್ಲನ್ನೂ ಹೇರಿಕೊಂಡು ಮ್ಯಾಡಿಸನ್‌ನ ವಿಶ್ವವಿದ್ಯಾಲಯಕ್ಕೆ ಬಂದ. ಕ್ಯಾನಿನ ರಕ್ತ ಹೆಪ್ಪುಗಟ್ಟಿಯೇ ಇರಲಿಲ್ಲ! ಬೂಷ್ಟು ಹಿಡಿದ ಆ ಸ್ವೀಟ್ ಕ್ಲೋವರ್ ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಲು ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ತಂಡಕ್ಕೆ ಆರು ವರ್ಷ ಹಿಡಿಯಿತು. ಅದರ ತಮ್ಮನಂಥ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು, ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ಸಿದ್ಧಮಾಡುತ್ತದೆ. ಈ ಮಾತ್ರೆ ಅದಕ್ಕೆ ಅಡ್ಡಗಾಲು ಹಾಕುತ್ತದೆ. ವಿಟಮಿನ್ ಕೆ ಧಾರಾಳವಾಗಿರುವುದು ಸೊಪ್ಪಿನಲ್ಲಿ. ನಮ್ಮ ಕಡೆಯ ಫಜೀತಿ ಇಲ್ಲಿ ಶುರು. ಯಾರೋ ‘ಸೊಪ್ಪು ಮುಟ್ಟಬೇಡಿ’ ಅಂದರು. ದೊಡ್ಡಮ್ಮ ಎರಡು ತಿಂಗಳು ಬಿಟ್ಟರು, ಅದಕ್ಕೆ ತಕ್ಕಂತೆ ಮಾತ್ರೆಯ ಅಳತೆ ನಿಂತಿತು. ಮಳೆ ಬಿದ್ದು ಹಿತ್ತಲಲ್ಲಿ ದಂಟು ಎದ್ದಾಗ ನಾಲ್ಕು ದಿನ ಬಿಡದೆ ಮಸ್ಸೊಪ್ಪು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಹೇಳುವ ರಕ್ತಪರೀಕ್ಷೆಯ ಅಂಕಿ ಐಎನ್‌ಆರ್. 2ರಿಂದ 3ರೊಳಗೆ ಇರಬೇಕಾದ ಅದು 1.4ಕ್ಕೆ ಇಳಿದಿತ್ತು, ಅಂದರೆ ರಕ್ತ ಮತ್ತೆ ಬೇಗ ಹೆಪ್ಪುಗಟ್ಟುತ್ತಿತ್ತು. ಸೊಪ್ಪು ತಿನ್ನುವುದು ತಪ್ಪಲ್ಲ, ಹದ ತಪ್ಪುವುದು ತಪ್ಪು.

2010ರಿಂದೀಚೆಗೆ ಈ ತೊಂದರೆಗೆ ಬಳಕೆಗೆ ಬಂದ ಡಾಬಿಗಟ್ರಾನ್, ಅಪಿಕ್ಸಾಬಾನ್‌ನಂಥ ಮಾತ್ರೆಗಳಿಗೆ ಈ ಸೊಪ್ಪಿನ ಲೆಕ್ಕವೂ ಇಲ್ಲ, ಐಎನ್‌ಆರ್ ನೋಡುವ ಓಡಾಟವೂ ಇಲ್ಲ. ಮಿದುಳಿನಲ್ಲಿ ರಕ್ತಸ್ರಾವವೂ ಕಡಿಮೆ. ಹಾಗೆಂದು ಎಲ್ಲರಿಗೂ ಹೊಂದುವುದಿಲ್ಲ. ರುಮ್ಯಾಟಿಕ್ ಕವಾಟದ ತೊಂದರೆ ಇರುವ ಸುಮಾರು 4,500 ಜನರ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಹೊರಬಂದಾಗ, ಹಳೆಯ ಮಾತ್ರೆ ತಗೊಂಡವರಲ್ಲೇ ಸಾವು ಕಡಿಮೆಯಿತ್ತು. ಹೊಸದೇ ಗೆಲ್ಲುತ್ತದೆಂದು ನಾನೂ ಅಂದುಕೊಂಡಿದ್ದೆ.

ಕವಾಟ ಚೆನ್ನಾಗಿದ್ದು ಬಡಿತ ಮಾತ್ರ ತಪ್ಪುತ್ತಿದ್ದರೆ, ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಹೊಡೆದಿತ್ತೇ ಎಂಬುದನ್ನೆಲ್ಲ ಲೆಕ್ಕ ಹಾಕಿ ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ದೊಡ್ಡಮ್ಮನ ಮನೆಯಲ್ಲೀಗ ಸೋಮವಾರ, ಗುರುವಾರ ಸೊಪ್ಪು. ನುಂಗಿದ ಮಾತ್ರೆಗೆ ಕ್ಯಾಲೆಂಡರಿನಲ್ಲಿ ಒಂದು ಗೀಟು. ಹೋದ ತಿಂಗಳು ಮಂಡಿನೋವೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತರಿಸಿದ್ದರು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು ಎಂದೆ. ‘ಹಂಗಾರೆ ಮಂಡಿಗೆ ಏನು ಹಚ್ಲಿ?’ ಅಂತ ಕೇಳಿದರು. ಅದನ್ನು ಅವರ ಡಾಕ್ಟರನ್ನೇ ಕೇಳಬೇಕಿದೆ.